ಪ್ರಭಾರ ಅಧ್ಯಕ್ಷೆಯ ಒಂದು ಸಹಿ

ನಮ್ಮನೆಯವರು ಕಚೇರಿಗೆ ಪ್ರಭಾರ ಅಧಿಕಾರಿಯಾದ ದಿನ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದ ಮೊದಲ ಮಾತು, "ನಾನು ಆ ಕುರ್ಚಿ ಮ್ಯಾಲೆ ಕುಂತಿಲ್ಲ" ಎಂದು. ಕುಂತಿರಾ ಎಂದು ನಾನೇನೂ ಕೇಳಿರಲಿಲ್ಲ.

ಹಿಂದಿನ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು ಇನ್ನೂ ಬಂದಿರಲಿಲ್ಲ. ಅವರು ಬರುವ ತನಕ ಆ ಹುದ್ದೆಯ ಕೆಲಸವನ್ನೂ ನಮ್ಮನೆಯವರೇ ನಿರ್ವಹಿಸತಕ್ಕದ್ದು ಎಂದು ಆದೇಶವಾಗಿತ್ತು. ಸಾಹೇಬರ ಕೋಣೆಯಲ್ಲಿ ಬೆನ್ನಿಗೆ ಬಿಳಿ ಟವೆಲ್ ಹೊದಿಸಿದ ಎತ್ತರದ ಕುರ್ಚಿಯೊಂದಿದೆ. ಇವರು ಅದರ ಪಕ್ಕಕ್ಕೆ ತಮ್ಮ ಹಳೆಯ ಕುರ್ಚಿಯನ್ನೇ ಹಾಕಿಸಿಕೊಂಡು, ಅಲ್ಲಿಂದ ಓರೆಯಾಗಿ ಮೇಜಿಗೆ ಕೈ ಚಾಚಿ ಸಹಿ ಹಾಕತೊಡಗಿದರು. ಖಾಲಿ ಕುರ್ಚಿಯ ಟವೆಲ್ಲನ್ನು ಪ್ರತಿ ಸೋಮವಾರ ಒಗೆಸುತ್ತಿದ್ದರಂತೆ. ಹದಿನೈದು ದಿನದಲ್ಲಿ ಇವರ ಬಲಭುಜ ಹಿಡಿದುಕೊಂಡಿತು.

"ಸುಮ್ನೆ ಅದ್ರ ಮ್ಯಾಲೇ ಕುಂದ್ರಬಾರದೇನ್ರೀ?" ಎಂದೆ, ಭುಜಕ್ಕೆ ಎಣ್ಣೆ ತಿಕ್ಕುತ್ತಾ.

"ನಿನಗ ತಿಳಿಯಂಗಿಲ್ಲ. ಪ್ರಭಾರ ಅಂದ್ರ ನೋಡ್ಕೊಳ್ಳೋದು. ಮಾಡೋದಲ್ಲ."

ಈ ತತ್ವ ನಿಧಾನವಾಗಿ ಮನೆಗೂ ಇಳಿಯಿತು. ನಡುಮನೆಯ ಕಿಟಕಿ ಪರದೆ ಬಿಸಿಲಿಗೆ ಪಿಸಿದು ಹೋಗಿತ್ತು, ಯಾವ ಬಣ್ಣದ್ದು ತರೋಣ ಎಂದು ಕೇಳಿದರೆ, "ಸದ್ಯಕ್ಕ ಇದ್ದದ್ದು ಇರಲಿ, ಈಗ ದೊಡ್ಡ ನಿರ್ಧಾರ ಬ್ಯಾಡ" ಎಂದರು. ಹೊಸ ಸಾಹೇಬರಿಗೂ ನಮ್ಮ ಪರದೆಗೂ ಏನು ಸಂಬಂಧ ಎಂದು ನಾನು ಕೇಳಲಿಲ್ಲ. ಕಾನ್ವೆಂಟಿನಲ್ಲಿ ಓದಿದವರಿಗೆ ಒಂದು ಚಾಳಿ ಇರುತ್ತದೆ. ಕೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಕೇಳಿ, ಮುಖದಲ್ಲಿ ಮುಗುಳ್ನಗು ಇಟ್ಟುಕೊಂಡಿರುತ್ತೇವೆ.

ಪ್ರಭಾರ ಇವರಿಗೆ ಮಾತ್ರ ಬಂದಿದ್ದರೆ ಎಣ್ಣೆ ಬಾಟಲಿಯಲ್ಲೇ ಮುಗಿಯುತ್ತಿತ್ತು. ಆದರೆ ಹೊಸಪೇಟೆಯ ನಮ್ಮ ಕ್ವಾರ್ಟರ್ಸಿನಲ್ಲಿ ಒಂದು ಪದ್ಧತಿ ಇದೆ. ಯಾರ ಗಂಡ ಎಲ್ಲರಿಗಿಂತ ಮೇಲಿನ ಕುರ್ಚಿಯಲ್ಲಿರುತ್ತಾರೋ ಅವರೇ ಮಹಿಳಾ ಮಂಡಳಿಯ ಅಧ್ಯಕ್ಷೆ. ಅದಕ್ಕೆ ಚುನಾವಣೆ ಇಲ್ಲ, ಇಷ್ಟವೋ ಎಂದು ಕೇಳುವವರೂ ಇಲ್ಲ. ಹಿಂದಿನ ಸಾಹೇಬರ ಹೆಂಡತಿ ಲಾರಿಗೆ ಸಾಮಾನು ಏರಿಸುತ್ತಲೇ ಸಭೆಯ ನಡಾವಳಿ ಪುಸ್ತಕವನ್ನು ನನ್ನ ಕೈಗಿಟ್ಟು, "ನಿಮ್ಮೋರು ಇನ್‌ಚಾರ್ಜ್ ಅಲ್ವಾ, ಹಾಗಾದ್ರೆ ನೀವೂ ಇನ್‌ಚಾರ್ಜ್" ಎಂದು ಹೇಳಿ ಕಾರು ಹತ್ತಿಬಿಟ್ಟರು. ಕಾರ್ಯದರ್ಶಿ ಮಾತ್ರ ಎಂದೂ ಬದಲಾಗುವುದಿಲ್ಲ. ಆಕೆ ಕಚೇರಿಯ ಹೆಡ್‌ಕ್ಲರ್ಕರ ಹೆಂಡತಿ. ಸಾಹೇಬರುಗಳು ಬರುತ್ತಾರೆ, ಹೋಗುತ್ತಾರೆ. ಹೆಡ್‌ಕ್ಲರ್ಕರು ಹೋದದ್ದನ್ನು ನಾನಂತೂ ಕಂಡಿಲ್ಲ. ಅದುವರೆಗೆ ನನ್ನನ್ನು ಬಾಯಿ ತುಂಬ "ಅಕ್ಕಾ" ಎನ್ನುತ್ತಿದ್ದವಳು ಮಾರನೆಯ ದಿನವೇ "ಅಕ್ಕಾ ಮೇಡಂ" ಎಂದಳು. ಪೂರ್ತಿ ಮೇಡಂ ಎನ್ನಲು ಹೊಸ ಸಾಹೇಬರ ಹೆಂಡತಿಯೇ ಬರಬೇಕಿತ್ತು ಎಂದು ಕಾಣುತ್ತದೆ.

ನನ್ನ ಮೊದಲ ಸಭೆಯಲ್ಲಿ ಮೊದಲ ಮುಕ್ಕಾಲು ಗಂಟೆ ನಡೆದದ್ದು ದೀಪದ ಚರ್ಚೆ.

"ದೀಪ ಹಚ್ಚೋದು ಅಧ್ಯಕ್ಷರ ಕೆಲಸ ರೀ. ಇವ್ರು ಪ್ರಭಾರ," ಎಂದಳು ಕಾರ್ಯದರ್ಶಿ.

"ಮತ್ತ ಕತ್ತಲ್ಯಾಗ ಕುಂದ್ರಬೇಕೇನವ್ವಾ?" ಎಂದರು ಓವರ್ಸಿಯರ್ ಅವರ ತಾಯಿ. ಅವರು ಸದಸ್ಯೆಯಲ್ಲ, ಅವಲಕ್ಕಿಗೆಂದು ಬರುವವರು.

"ಟ್ಯೂಬ್‌ಲೈಟ್ ಐತಲ್ರೀ. ದೀಪ ಅಂದ್ರ ಉದ್ಘಾಟನೆ ಲೆಕ್ಕ. ಉದ್ಘಾಟನೆ ಆತಂದ್ರ ಹೊಸಾ ಕೆಲಸ ಚಾಲೂ ಆದಂಗ. ಇನ್‌ಚಾರ್ಜ್‌ನ್ಯಾಗ ಹೊಸಾದು ಏನೂ ಚಾಲೂ ಮಾಡಂಗಿಲ್ಲ."

ಕೊನೆಗೆ ಐದು ಬತ್ತಿಯ ದೀಪದಲ್ಲಿ ನಾನು ಎರಡು ಬತ್ತಿ ಹಚ್ಚಬಹುದು ಎಂದು ತೀರ್ಮಾನವಾಯಿತು. ಹಚ್ಚಿದೆ. ನಡಾವಳಿಯಲ್ಲಿ ಅದು ದಾಖಲೂ ಆಯಿತು.

ನನಗೆ ಆ ರಾತ್ರಿ ನಗು ಬಂದರೂ ತಲೆಯಲ್ಲಿ ಪ್ರಭಾರ ಎಂಬ ಆ ಪದವೇ ಸುತ್ತುತ್ತಿತ್ತು. ಇಂಗ್ಲಿಷ್ ಆದೇಶಗಳಲ್ಲಿ ಅದಕ್ಕೆ ‘ಆಫಿಷಿಯೇಟಿಂಗ್’ ಎನ್ನುತ್ತಾರೆ. ಬಳ್ಳಾರಿಯ ಕಾನ್ವೆಂಟಿನಲ್ಲಿ ನಾನಿದ್ದಾಗ ಚಾಪೆಲ್ಲಿನ ಬಾಗಿಲಿಗೆ ಒಂದು ಹಲಗೆ ತೂಗುಹಾಕಿರುತ್ತಿತ್ತು. ಈ ಭಾನುವಾರದ ಪೂಜೆಗೆ ಯಾವ ಫಾದರ್ ‘ಆಫಿಷಿಯೇಟ್’ ಮಾಡುತ್ತಾರೆ ಎಂದು ಸೀಮೆಸುಣ್ಣದಲ್ಲಿ ಬರೆದಿರುತ್ತಿದ್ದರು. ಕಸೂತಿಯ ಉದ್ದ ಅಂಗಿ ಹಾಕಿಕೊಂಡು ಮಾಡುವ ಕೆಲಸಕ್ಕೆ ಮಾತ್ರ ಹಾಗೆನ್ನುತ್ತಾರೆ ಎಂದುಕೊಂಡಿದ್ದೆ. ಸಿಸ್ಟರ್‌ರನ್ನು ಕೇಳಿದರೆ, "ಯಾರ ಪಾಲಿಗೆ ಅವತ್ತಿನ ಕರ್ತವ್ಯ ಬಂದಿದೆಯೋ ಅವರು ಅದನ್ನು ಮಾಡುವುದು, ಅಷ್ಟೇ ಮಗಳೇ" ಎಂದಿದ್ದರು. ಅದೇ ಕ್ರಿಯಾಪದ ಸರ್ಕಾರಿ ಕಾಗದಕ್ಕೆ ಬಂದ ಮೇಲೆ ‘ತಾತ್ಕಾಲಿಕವಾಗಿ’ ಎಂಬುದೊಂದು ಬಾಲ ಅಂಟಿಸಿಕೊಂಡಿತು. ನಮ್ಮ ಕನ್ನಡದಲ್ಲೂ ಇದಕ್ಕೆ ಮೆಟ್ಟಿಲುಗಳಿವೆ. ಪುರೋಹಿತರು ಮದುವೆ ‘ಮಾಡಿಸುತ್ತಾರೆ’. ಅಧಿಕಾರಿಗಳು ಕಾರ್ಯ ‘ನಿರ್ವಹಿಸುತ್ತಾರೆ’. ಪ್ರಭಾರದವರು ‘ನೋಡಿಕೊಳ್ಳುತ್ತಾರೆ’. ಮನೆಯಲ್ಲಿರುವ ನಾವು ಬೆಳಗಿನಿಂದ ಸಂಜೆಯವರೆಗೆ ಬರೀ ‘ಮಾಡುತ್ತೇವೆ’. ಅದಕ್ಕೆ ಯಾರೂ ಆದೇಶ ಹೊರಡಿಸಿದ್ದನ್ನು ನೋಡಿಲ್ಲ.

ಹೀಗೆ ಎರಡು ಬತ್ತಿಯ ಅಧ್ಯಕ್ಷೆಯಾಗಿ ನಾನು ಇನ್ನೂ ತಿಂಗಳು ಕಳೆದಿರಲಿಲ್ಲ, ಒಂದು ಬುಧವಾರ ಮಧ್ಯಾಹ್ನ ಶಿಶುವಿಹಾರದ ಟೀಚರ್ ಬಾಗಿಲಿಗೆ ಬಂದು ನಿಂತಳು.

ಶಿಶುವಿಹಾರ ನಮ್ಮ ಮಂಡಳಿಯದೇ. ಚಿತ್ತವಾಡ್ಗಿಯಿಂದ ದಿನಾ ಆಟೋದಲ್ಲಿ ಬರುವ ಈ ಹುಡುಗಿ ನಾಲ್ಕು ವರ್ಷದಿಂದ ಅದನ್ನು ನಡೆಸುತ್ತಿದ್ದಳು. ಕ್ವಾರ್ಟರ್ಸಿನವರು ಒಬ್ಬೊಬ್ಬರಾಗಿ ಊರಲ್ಲಿ ಸ್ವಂತ ಮನೆ ಕಟ್ಟಿಕೊಂಡು ಹೋಗುತ್ತಿದ್ದುದರಿಂದ ಮಕ್ಕಳು ಇಪ್ಪತ್ತರಿಂದ ಐದಕ್ಕೆ ಇಳಿದಿದ್ದವು. ಬೇಸಿಗೆ ರಜೆಯ ನಂತರ ಬಾಗಿಲು ತೆರೆಯುವುದು ಅನುಮಾನವೇ ಆಗಿತ್ತು. ಅವಳ ಗಂಡ ತೋರಣಗಲ್ಲಿನಲ್ಲಿ ಗುತ್ತಿಗೆ ಕೆಲಸಗಾರ. ಅವನ ಕೆಲಸ ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಇದೆಲ್ಲ ನನಗೆ ಗೊತ್ತಿತ್ತು.

"ಮೇಡಂ, ಸಂಡೂರಿನ್ಯಾಗ ಒಂದು ಸ್ಕೂಲಿಗೆ ಎಲ್‌ಕೆಜಿ ಟೀಚರ್ ಬೇಕಂತ್ರಿ. ಶುಕ್ರವಾರ ಹನ್ನೊಂದಕ್ಕ ಇಂಟರ್‌ವ್ಯೂ. ಎಲ್ಲಾ ಐತ್ರಿ ನನ್ ಕಡಿ. ಅನುಭವದ ಪ್ರಮಾಣಪತ್ರ ಒಂದಿಲ್ಲ. ಅದಿಲ್ಲಂದ್ರ ಒಳಗs ಬಿಡಂಗಿಲ್ಲ ಅಂದಾರ."

"ಅಷ್ಟೇನಾ? ಬರ್ಕೊಡೋಣ ಬಿಡಮ್ಮಾ."

"ಫೋನ್‌ನ್ಯಾಗ ಫೋಟೋ ನಡಿಯಂಗಿಲ್ಲಂತ್ರಿ. ಅಸಲು ಕಾಗದ, ಸಹಿ, ಗುಂಡು ಸೀಲು. ಅಧ್ಯಕ್ಷರದೇ ಬೇಕಂತ."

ಅಧ್ಯಕ್ಷರು ಎಂದಾಗ ಅವಳು ನನ್ನ ಮುಖ ನೋಡದೆ ಪಕ್ಕದ ತುಳಸಿ ಕುಂಡ ನೋಡಿದಳು. ಎರಡು ಬತ್ತಿಯ ಸುದ್ದಿ ಅವಳಿಗೂ ತಲುಪಿತ್ತು.

ಕಾರ್ಯದರ್ಶಿಯ ಬಳಿ ಹೋದೆ. ಆಕೆ ಹುರಿಗಡಲೆ ಆರಿಸುತ್ತಿದ್ದಳು. "ಅಕ್ಕಾ ಮೇಡಂ, ಪ್ರಮಾಣಪತ್ರ ಅಂದ್ರ ಜವಾಬ್ದಾರಿ. ಪ್ರಭಾರದೋರು ಅಂಥಾದಕ್ಕೆಲ್ಲ ಕೈ ಹಾಕಬಾರದು. ಹಳೇ ಮೇಡಂಗ ಫೋನ್ ಮಾಡ್ರಿ."

ಮಾಡಿದೆ. "ಅಯ್ಯೋ, ನಾನು ಚಾರ್ಜ್ ಬಿಟ್ಟುಕೊಟ್ಟಾಯ್ತಲ್ಲಮ್ಮ, ಈಗ ಸಹಿ ಹಾಕಿದ್ರೆ ತಪ್ಪಾಗುತ್ತೆ" ಎಂದರು ಹಳೇ ಮೇಡಂ. ಹೊಸ ಮೇಡಂ ಯಾರೆಂಬುದು ದೇವರಿಗೇ ಗೊತ್ತಿರಲಿಲ್ಲ. ಅಂದರೆ ಹೋದವರು ಹಾಕುವಂತಿಲ್ಲ, ಬರುವವರು ಬಂದಿಲ್ಲ, ಇರುವವಳು ಹಾಕಬಾರದು.

ಸಂಜೆ ಇವರನ್ನು ಕೇಳಿದೆ.

"ಬ್ಯಾಡ," ಎಂದರು. "ಹೊಸಬರು ಬಂದಮ್ಯಾಲೆ ಮಂಡಿಸ್ರಿ."

"ಇಂಟರ್‌ವ್ಯೂ ಶುಕ್ರವಾರ ಐತಿ."

"ಆ ಸ್ಕೂಲಿನೋರಿಗೆ ಮುಂದ ಹಾಕ್ರಿ ಅಂತ ಒಂದು ಪತ್ರ ಬರೀರಿ."

"ಆ ಪತ್ರಕ್ಕ ಯಾರು ಸಹಿ ಹಾಕಬೇಕ್ರೀ?"

ಇವರು ಚಹಾ ಕುಡಿದರು. ನಾನು ಆವರೆಗೆ ಮನಸ್ಸಿನಲ್ಲಿಟ್ಟುಕೊಂಡಿದ್ದ ಒಂದು ಮಾತು ಅದೇಕೋ ಆ ಹೊತ್ತಿಗೆ ಹೊರಗೇ ಬಂದುಬಿಟ್ಟಿತು.

"ಹಂಪಿಯಾಗ ನಮ್ಮ ಮದುವಿ ಆದಾಗ ಮನಿ ಆಚಾರ್ರಿಗೆ ಜ್ವರ ಬಂದಿತ್ತು. ಕಂಪ್ಲಿಯಿಂದ ಅವರ ಅಳಿಯ ಬಂದು ಮಾಡಿಸಿದ್ರು. ಅವರೂ ಪ್ರಭಾರನೇ. ಅವರು ನೋಡ್ಕೊಂಡಷ್ಟೇ ಹೋಗಿದ್ರ ನಾವಿಬ್ರು ಈಗ ಏನಾಗಿರ್ತಿದ್ವಿ?"

ಇವರು ಲೋಟ ಕೆಳಗಿಟ್ಟರು. "ಅವರು ಮಂತ್ರ ಪೂರ್ತಿ ಹೇಳಿದ್ರು," ಎಂದರು, ಬಹಳ ಸಣ್ಣ ದನಿಯಲ್ಲಿ.

"ಹೇಳಿದ್ರು. ಇಪ್ಪತ್ತೆರಡು ವರ್ಷ ಆತು, ಪ್ರಭಾರ ಹೆಂಡತಿ ಅಂತ ನನ್ನ ಯಾರೂ ಕರದಿಲ್ಲ."

ಅದು ಅನುಮತಿಯಾಗಿರಲಿಲ್ಲ. ಆದರೆ ಬೇಡ ಎಂದೂ ಇವರು ಮತ್ತೆ ಹೇಳಲಿಲ್ಲ. ಗುರುವಾರ ಬೆಳಿಗ್ಗೆ ತಿಂಡಿ ಮುಗಿಸಿ ಬರೆಯಲು ಕೂತೆ.

ಕಾರ್ಯದರ್ಶಿ ಒಂದು ಮಾದರಿ ಕಳಿಸಿದ್ದಳು: ‘ಸದರಿಯವರು ನಮ್ಮಲ್ಲಿ ಕಾರ್ಯನಿರ್ವಹಿಸಿದ್ದು, ಇವರ ಕೆಲಸ ಮತ್ತು ನಡತೆ ತೃಪ್ತಿಕರವಾಗಿರುತ್ತದೆ.’ ಇದನ್ನು ಕಾವಲುಗಾರನಿಗೂ ಕೊಡಬಹುದು, ಪಂಪ್‌ಸೆಟ್ಟಿಗೂ ಕೊಡಬಹುದು ಎನಿಸಿತು. ನಮ್ಮ ಅಡಿಗೆಮನೆಯ ಕಿಟಕಿ ಶಿಶುವಿಹಾರದ ಅಂಗಳಕ್ಕೇ ತೆರೆಯುತ್ತದೆ. ನಾಲ್ಕು ವರ್ಷ ಕಾಯಿಪಲ್ಲೆ ಹೆಚ್ಚುತ್ತಾ ಆ ಹುಡುಗಿಯನ್ನು ನೋಡಿದ್ದೇನೆ. ಕಂಡದ್ದನ್ನೇ ಬರೆದೆ. ‘ಇವರ ತರಗತಿಯಲ್ಲಿ ಅಳುವ ಮಗುವಿಗೆ ಅಳಬೇಡ ಎಂದು ಯಾರೂ ಹೇಳುವುದಿಲ್ಲ. ಇವರು ಅದರ ಪಕ್ಕದಲ್ಲಿ ಕುಳಿತು ಸುಮ್ಮನೆ ಪೆನ್ಸಿಲ್ ಹೆರೆಯುತ್ತಾರೆ. ಎರಡು ಪೆನ್ಸಿಲ್ ಮುಗಿಯುವಷ್ಟರಲ್ಲಿ ಮೂರನೆಯದನ್ನು ಮಗುವೇ ತಂದುಕೊಡುತ್ತದೆ. ತಡವಾಗಿ ಬರುವ ತಾಯಂದಿರಿಗೆ ಇವರು ಮುಖ ಗಂಟು ಹಾಕಿದ್ದನ್ನು ನೋಡಿಲ್ಲ. ಮಕ್ಕಳ ಮುಂದೆ ಫೋನ್ ಹಿಡಿದದ್ದನ್ನೂ ನೋಡಿಲ್ಲ.’ ಕೆಳಗೆ ಸಹಿ ಹಾಕಿ, ಕಂಸದಲ್ಲಿ ‘ಪ್ರಭಾರ’ ಎಂದು ಬರೆದೆ. ಸುಳ್ಳು ಹೇಳುವುದು ನನಗೆ ಬರುವುದಿಲ್ಲ.

ಇನ್ನು ಸೀಲು. ಅದು ಕಾರ್ಯದರ್ಶಿಯ ದೇವರ ಕೋಣೆಯ ಬೀರುವಿನಲ್ಲಿ, ಬೀಗದೊಳಗೆ.

ಆಕೆ ಕಾಗದವನ್ನು ಎರಡು ಸಲ ಓದಿದಳು. ಕಣ್ಣು ಸ್ವಲ್ಪ ಒದ್ದೆಯಾದ ಹಾಗೆ ಕಂಡಿತು. ಆದರೆ ನಿಯಮ ನಿಯಮವೇ. "ಸೀಲು ಬೇಕಂದ್ರ ಒಂದು ಕೋರಿಕೆ ಪತ್ರ ಬರ್ಕೊಡ್ರಿ, ಅಕ್ಕಾ ಮೇಡಂ."

"ಯಾರಿಗೆ?"

"ಕಾರ್ಯದರ್ಶಿಗೆ. ನನಗ."

ಆಕೆಯ ಅಡಿಗೆಮನೆಯ ಕಟ್ಟೆಯ ಮೇಲೇ ಬರೆದುಕೊಟ್ಟೆ. ಆಕೆ ಅದರ ಅಂಚಿನಲ್ಲಿ ‘ಅಧ್ಯಕ್ಷರ ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ನನ್ನ ಕೈಗೇ ವಾಪಸು ಕೊಟ್ಟಳು.

"ಈಗ ಏನು ಮಾಡ್ಲಿ?"

"ನೀವು ಒಪ್ಪಿಗಿ ಕೊಡ್ಬೇಕ್ರಿ. ನಿಮ್ಮ ಕೋರಿಕಿಗೆ."

ನನ್ನ ಕೋರಿಕೆಯನ್ನು ನಾನೇ ಕೂಲಂಕಷವಾಗಿ ಪರಿಶೀಲಿಸಿ ಒಪ್ಪಿದೆ. ಬೀರು ತೆರೆಯಿತು. ಆಕೆ ಸೀಲಿಗೆ ಬಾಯಿಂದ ಹಾ ಎಂದು ಬಿಸಿಯುಸಿರು ಬಿಟ್ಟು, ಎರಡೂ ಕೈಯಿಂದ ಒತ್ತಿದಳು. ಅಂದವಾಗಿ ಮೂಡಿತು. "ಔಟ್‌ವರ್ಡ್ ನಂಬರ್ ಹಾಕಿ ಇಡ್ತೀನಿ. ಟೀಚರ್ ನಾಳೆ ಹೋಗ್ತಾ ಇಲ್ಲಿಂದನ ತಗೊಂಡ್ ಹೋಗಲಿ" ಎಂದಳು.

ಶುಕ್ರವಾರ ಒಂಬತ್ತೂ ಕಾಲಿಗೆ ಟೀಚರ್ ನಮ್ಮ ಬಾಗಿಲಲ್ಲಿದ್ದಳು. ಇಸ್ತ್ರಿ ಮಾಡಿದ ಹಸಿರು ಸೀರೆ, ಕೈಯಲ್ಲಿ ಪ್ಲಾಸ್ಟಿಕ್ ಫೈಲು, ಕಣ್ಣ ತುಂಬ ನೀರು. ಹಿಂದೆ ಕಾರ್ಯದರ್ಶಿ, ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಓಡಿ ಬಂದವಳು.

"ಅಕ್ಕಾ, ತಪ್ಪಾತು" ಎಂದಳು. ಮೇಡಂ ಎಂಬುದು ಓಟದಲ್ಲಿ ಎಲ್ಲೋ ಬಿದ್ದುಹೋಗಿತ್ತು. "ಲಕೋಟಿಯೊಳಗ ಹಾಕಿ, ಮ್ಯಾಲೆ ಸ್ಕೂಲಿನ ವಿಳಾಸ ಬರದು ಬಾಗಿಲ ಹತ್ರ ಇಟ್ಟಿದ್ದೆ. ಮಂಡಳಿ ಪತ್ರ ಅಂದ್ರ ದಿನಾ ನಮ್ಮನಿಯೋರು ಚೀಲದಾಗ ಹಾಕ್ಕೊಂಡು ಕಚೇರಿ ಟಪಾಲಿಗೆ ಕೊಡ್ತಾರಲ್ಲ, ಹಂಗ ಇವತ್ತೂ ಒಯ್ದುಬಿಟ್ಟಾರ. ಫೋನ್ ಎತ್ತವಲ್ಲರು."

ಅಂಚೆಯಲ್ಲಿ ಹೋದರೆ ಸಂಡೂರಿಗೆ ಸೋಮವಾರವೋ ಮಂಗಳವಾರವೋ. ಟೀಚರ್ ಫೈಲಿನ ಗುಂಡಿಯನ್ನು ತೆಗೆದಳು, ಹಾಕಿದಳು, ಮತ್ತೆ ತೆಗೆದಳು.

"ನೀನು ಬಸ್ ಹತ್ತು," ಎಂದೆ. "ಕಾಗದ ಬರ್ತದೆ."

ಹೇಗೆ ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಅವಳು ನಂಬಿ ಹೋದಳು. ನಾನು ಇವರಿಗೆ ಫೋನ್ ಮಾಡಿದೆ. ಇವರು ಕಚೇರಿಗೆ ಯಾವಾಗಲೂ ಎಲ್ಲರಿಗಿಂತ ಮೊದಲು ಹೋಗುವವರು. ಟಪಾಲಿನ ತಟ್ಟೆಯಲ್ಲಿ ಹುಡುಕಿ, ಸಿಕ್ಕಿತು ಎಂದರು. ದೇವರ ಕೋಣೆಯ ಕಡೆ ಕೈ ಮುಗಿದೆ. ಆಗ ಇವರು, "ಆದ್ರ ಒಂದು ತೊಂದ್ರಿ ಆಗೈತಿ" ಎಂದರು.

"ಏನ್ರೀ?"

"ಹೆಡ್‌ಕ್ಲರ್ಕ್ ಇದನ್ನ ಬಂದ ಟಪಾಲಿನ್ಯಾಗ ಇಟ್ಟಾನ. ಟಪಾಲು ಗುಮಾಸ್ತ ಲಕೋಟಿ ಒಡದು, ನಮಗ ಬಂದ ಪತ್ರ ಅಂತ ತಿಳಕೊಂಡು, ಹಿಂದ ‘ಸ್ವೀಕೃತ’ ಅಂತ ಮೊಹರು ಒತ್ತಿಬಿಟ್ಟಾನ. ಇನ್‌ವರ್ಡ್ ನಂಬರೂ ಬಿದ್ದೈತಿ. ಇದು ಈಗ ಕಚೇರಿ ಕಾಗದ. ಹೊರಗ ಹೋಗಬೇಕಂದ್ರ ಆದೇಶ ಬೇಕು."

"ಯಾರ ಆದೇಶ?"

"ಅಧಿಕಾರಿಗಳದು."

"ಅಧಿಕಾರಿಗಳು ಯಾರ್ರೀ ಅಲ್ಲಿ?"

ಆ ಕಡೆ ಕುರ್ಚಿ ಸರಿದ ಸದ್ದು ಕೇಳಿತು. "ನಾನs" ಎಂದರು. ಅದನ್ನು ಇವರು ಮೊದಲ ಸಲ ಕೇಳಿಸಿಕೊಂಡ ಹಾಗಿತ್ತು.

ಮುಂದಿನದನ್ನು ನಾನು ನೋಡಿಲ್ಲ. ಹೆಡ್‌ಕ್ಲರ್ಕರು ಇಡೀ ಕ್ವಾರ್ಟರ್ಸಿಗೆ ಹೇಳಿದ್ದನ್ನು ಬರೆಯುತ್ತಿದ್ದೇನೆ. ಇವರು ‘ಅಸಲನ್ನು ಹಿಂದಿರುಗಿಸತಕ್ಕದ್ದು’ ಎಂದು ಆದೇಶ ಬರೆದರಂತೆ. ಯಾರ ಕೈಯಲ್ಲಿ ಕಳಿಸುವುದು? ಜೀಪು ಇತ್ತು, ಆದರೆ ಅದು ಸರ್ಕಾರದ್ದು, ಕೆಲಸ ಮಂಡಳಿಯದು. ಹಾಗಾಗಿ ಇವರು ಅರ್ಧ ದಿನದ ರಜೆಗೆ ಅರ್ಜಿ ಬರೆದರು. ಬರೆದು, ಎದ್ದು, ಮೇಜನ್ನು ಸುತ್ತಿ ಹೋಗಿ, ಟವೆಲ್ಲಿನ ಕುರ್ಚಿಯಲ್ಲಿ ಕೂತು, ಅದೇ ಅರ್ಜಿಯನ್ನು ಓದಿ, ‘ಮಂಜೂರು’ ಎಂದು ಸಹಿ ಹಾಕಿದರಂತೆ. "ಕಂಸದಾಗ ಪ್ರಭಾರ ಅಂತ ಬರೀಲಿಲ್ರೀ ಸಾಹೇಬ್ರು, ನಾನ್ ಕಣ್ಣಾರೆ ನೋಡೀನಿ" ಎಂದು ಹೆಡ್‌ಕ್ಲರ್ಕರು ಆಣೆ ಇಡುತ್ತಾರೆ. ಇವರನ್ನು ಕೇಳಿದರೆ, "ಗಡಿಬಿಡಿಯಾಗ ಮರತಿರಬೇಕು" ಎನ್ನುತ್ತಾರೆ.

ಸ್ವಂತ ಸ್ಕೂಟರಿನಲ್ಲಿ, ಅದಿರಿನ ಲಾರಿಗಳ ಹಿಂದೆ, ಘಟ್ಟ ಹತ್ತಿ ಇಳಿದು, ಹನ್ನೊಂದಕ್ಕೆ ಐದು ನಿಮಿಷವಿರುವಾಗ ಶಾಲೆಯ ಗೇಟಿಗೆ ತಲುಪಿದರಂತೆ. ಟೀಚರ್ ಗೇಟಿನ ಹೊರಗೇ ನಿಂತಿದ್ದಳು. ಬಿಳಿ ಅಂಗಿ, ಹುಬ್ಬು, ಮೀಸೆ, ಎಲ್ಲ ಅದಿರಿನ ಧೂಳಿಗೆ ಕೆಂಪಾಗಿದ್ದ ಮನುಷ್ಯ ಲಕೋಟೆ ಚಾಚಿದಾಗ ಅವಳಿಗೆ ಮೊದಲು ಗುರುತೇ ಸಿಗಲಿಲ್ಲವಂತೆ.

ಹನ್ನೆರಡರ ಸುಮಾರಿಗೆ ನನ್ನ ಫೋನ್ ಹೊಡೆದುಕೊಂಡಿತು. ಶಾಲೆಯ ಮುಖ್ಯೋಪಾಧ್ಯಾಯಿನಿ.

"ಮೇಡಂ, ಈ ಸರ್ಟಿಫಿಕೇಟ್ ಬರ್ದೋರು ನೀವೇ ಏನ್ರಿ? ಇದರ ಹಿಂದ ಯಾವುದೋ ಕಚೇರಿ ಮೊಹರು ಐತಿ, ಮುಂದ ನೋಡಿದ್ರ ಪ್ರಭಾರ ಅಂತ ಐತಿ."

"ಹೌದ್ರಿ. ನಾನು ಪೂರ್ತಿ ಅಧ್ಯಕ್ಷೆ ಅಲ್ಲ. ಆದ್ರೆ ಬರ್ದಿದ್ದು ಪೂರ್ತಿ ನಿಜ."

"ಅದಿರಲಿ ಬಿಡ್ರಿ. ನಾನೂ ಇಲ್ಲಿ ಪ್ರಭಾರನs, ಮೂರು ವರ್ಷ ಆತು. ಆ ಪೆನ್ಸಿಲ್ ವಿಷಯ ಖರೇ ಏನು?"

"ಖರೇ ರೀ. ನಮ್ಮ ಕಿಟಕಿಯಿಂದ ಕಾಣ್ತದೆ."

"ನಮ್ಮಲ್ಲಿ ಜೂನ್‌ನ್ಯಾಗ ನಲವತ್ತು ಮಕ್ಕಳು ಒಟ್ಟಿಗೆ ಅಳ್ತಾವ್ರಿ," ಎಂದು ಆಕೆ ನಿಟ್ಟುಸಿರು ಬಿಟ್ಟರು. "ಪೆನ್ಸಿಲ್ ಡಬ್ಬಿಗಟ್ಲೆ ತರಿಸ್ತೀನಿ. ನಮ್ಮ ಟೀಚರ್ ಒಬ್ಬರು ಬಾಣಂತನಕ್ಕ ಹೋಗ್ಯಾರ, ಈಗಿಂದs ಬೇಕು. ಸೋಮವಾರದಿಂದ ಕಳಸ್ರಿ."

ಸಂಜೆ ಟೀಚರ್ ಪೇಡೆ ತಂದಳು. ಕಾರ್ಯದರ್ಶಿ ಎರಡು ತಿಂದು, ಮೂರನೆಯದನ್ನು ಕೈಯಲ್ಲಿ ಹಿಡಿದು, ಥಟ್ಟನೆ ನಿಂತಳು. "ಅಲ್ಲಾ, ಸೋಮವಾರದಿಂದ ಇಲ್ಲಿ ಐದು ಮಕ್ಕಳನ್ನ ಯಾರು ನೋಡ್ಕೊಳ್ಳೋರು? ರಜಾ ಬರಾಕ ಇನ್ನಾ ಆರು ವಾರ ಐತಿ."

ಎಲ್ಲರೂ ನನ್ನನ್ನು ನೋಡಿದರು. ಇವರು ಮುಖ ತೊಳೆದು ಬಂದು ಟವೆಲ್ಲಿನಲ್ಲಿ ಕಿವಿ ಒರೆಸಿಕೊಳ್ಳುತ್ತಿದ್ದವರು, ಟವೆಲ್ಲಿಗೆ ಹತ್ತಿದ ಕೆಂಪನ್ನು ನೋಡುತ್ತಾ, "ಆದೇಶ ಏನೂ ಬೇಕಾಗಂಗಿಲ್ಲ ಅಂತ ಕಾಣ್ತದ" ಎಂದರು.

ಸೋಮವಾರ ಒಂಬತ್ತೂವರೆಗೆ ಶಿಶುವಿಹಾರದ ಬೀಗ ತೆಗೆದೆ. ಐದೂ ಮಕ್ಕಳು ಸಾಲಾಗಿ ಬಂದು ಚಾಪೆಯ ಮೇಲೆ ಕೂತವು. ನನ್ನನ್ನು ಮೇಲಿನಿಂದ ಕೆಳಗೆ ನೋಡಿದವು. ನಾನು ಹೊಸ ಟೀಚರೋ, ಪ್ರಭಾರ ಟೀಚರೋ ಎಂದು ಹೇಗೆ ಪರಿಚಯಿಸಿಕೊಳ್ಳಲಿ ಎಂದು ಯೋಚಿಸಿ, ಗಂಟಲು ಸರಿಮಾಡಿಕೊಂಡು, "ಮಕ್ಕಳೇ, ಇವತ್ತಿನಿಂದ ನಾನು" ಎನ್ನುವಷ್ಟರಲ್ಲಿ ಎಲ್ಲರಿಗಿಂತ ಸಣ್ಣವನು ಕಿರುಬೆರಳು ಎತ್ತಿದ.

"ಆಂಟೀ, ಒಂದಕ್ಕ."

ಅವನ ಚಡ್ಡಿಯ ಗುಂಡಿ ಬಿಚ್ಚುತ್ತಾ ತಿರುಗಿ ನೋಡಿದರೆ, ಚಾಪೆಯ ಮೇಲೆ ಇನ್ನೂ ನಾಲ್ಕು ಕಿರುಬೆರಳು ಎದ್ದಿದ್ದವು.